ನಮ್ಮ ಮುಂದಿನ ಟ್ರಿಪ್ ಟೌನ್‌ಹಾಲ್‌ಗೆ ಇರಲಿ

ಹೋದ ಸಂಚಿಕೆಯಲ್ಲಿ ಪ್ರಥಮ ಪಿಯುಸಿಯ ತಮ್ಮನೊಬ್ಬ ಬರೆದ ಪತ್ರವನ್ನು ನೀವೆಲ್ಲ ಓದಿರಬಹುದು. ಈ ವರ್ಷ ಕಾಲೇಜು ಟ್ರಿಪ್ ಎಲ್ಲಿಗೆ ಎಂದು ಕೇಳಿ, ಮೈಸೂರು, ಶ್ರೀರಂಗಪಟ್ಟಣ, ವಂಡರ್‌ಲಾ ಎಂದು ಮೂರು ಹೆಸರು ಅವನೇ ಕೊಟ್ಟಿದ್ದ. ಮೂರೂ ಒಳ್ಳೆಯ ಜಾಗಗಳೇ. ವಂಡರ್‌ಲಾಕ್ಕೆ ನಾನೂ ಹೋಗಿದ್ದೇನೆ, ಬಟ್ಟೆ ಒದ್ದೆ ಮಾಡಿಕೊಂಡು ಅಮ್ಮಿ ಕೈಲಿ ಬೈಸಿಕೊಂಡಿದ್ದೇನೆ. ಆದರೆ ನಾಲ್ಕನೆಯ ಹೆಸರೊಂದನ್ನು ಸೇರಿಸಬೇಕೆಂದು ಈ ಲೇಖನ ಬರೆಯುತ್ತಿದ್ದೇನೆ. ಬಸ್ ಬಾಡಿಗೆ ಬೇಡ, ಪೋಷಕರ ಸಹಿ ಹಾಕಿದ ಹಣ ಬೇಡ, ಬೆಳಗ್ಗೆ ಐದಕ್ಕೆ ಏಳುವುದೂ ಬೇಡ. ನಮ್ಮ ಹೊಸ ತಿಪ್ಪಸಂದ್ರದಿಂದ ಹತ್ತು ಕಿಲೋಮೀಟರ್ ಆಸುಪಾಸು. ಬೆಂಗಳೂರಿನ ಪುರಭವನ, ಎಲ್ಲರ ಬಾಯಲ್ಲಿ ಟೌನ್‌ಹಾಲ್.

ನವೆಂಬರ್ ತಿಂಗಳ ಒಂದು ಶನಿವಾರ ನಮ್ಮ ಎಚ್.ಇ.ಪಿ.ಎಸ್. ತರಗತಿಯ ಹದಿನೇಳು ಜನ ಅಲ್ಲಿಗೆ ಹೋಗಿ ಬಂದೆವು. ರಾಜ್ಯಶಾಸ್ತ್ರದ ಮೇಡಂ ಸ್ಥಳೀಯ ಸರ್ಕಾರಗಳ ಪಾಠ ಮಾಡುತ್ತಾ ‘ನಿಮ್ಮಲ್ಲಿ ಎಷ್ಟು ಜನ ಟೌನ್‌ಹಾಲ್ ನೋಡಿದ್ದೀರಿ?’ ಎಂದು ಕೇಳಿದರು. ಎಲ್ಲರೂ ಕೈ ಎತ್ತಿದೆವು. ‘ಬಸ್ಸಿನ ಕಿಟಕಿಯಿಂದಲ್ಲ, ಇಳಿದು?’ ಎಂದರು. ಎಲ್ಲ ಕೈಗಳೂ ಕೆಳಗೆ ಬಂದವು. ಅಷ್ಟಕ್ಕೇ ಹೊರಟಿತು ನಮ್ಮ ಪ್ರಯಾಣ.

ಹೊರಡುವ ಹಿಂದಿನ ರಾತ್ರಿ ದಾದಿಗೆ ಹೇಳಿದೆ. ‘ಸಿಟಿಗೆ ಹೋಗ್ತೀಯಾ? ಅಷ್ಟು ದೂರ ಯಾಕೆ?’ ಎಂದರು. ನನ್ನ ದಾದಿ ಶಿವಾಜಿನಗರದಲ್ಲಿ ಹುಟ್ಟಿ ಬೆಳೆದವರು. ಅವರ ಲೆಕ್ಕದಲ್ಲಿ ನಾವು ಇರುವುದು ಕಂಟೋನ್ಮೆಂಟ್ ಕಡೆ, ಕಬ್ಬನ್ ಪಾರ್ಕ್ ಆಚೆಗಿನದು ಸಿಟಿ. ನಿಮ್ಮ ಮನೆಯ ಹಿರಿಯರೂ ಹೀಗೇ ಹೇಳುತ್ತಿರಬಹುದು. ಚಿಕ್ಕವಳಿದ್ದಾಗ ನನಗೆ ಇದು ತಮಾಷೆ ಅನ್ನಿಸುತ್ತಿತ್ತು. ಬೆಂಗಳೂರಿನಲ್ಲೇ ಕೂತು ಬೆಂಗಳೂರಿಗೆ ಹೋಗುತ್ತೇನೆ ಅಂದ ಹಾಗೆ. ಪಾಠ ಓದಿದ ಮೇಲೆ ತಿಳಿಯಿತು, ದಾದಿ ಹೇಳುತ್ತಿದ್ದುದು ತಪ್ಪಲ್ಲ, ಹಳೆಯದು ಅಷ್ಟೆ.

ಹಳೆ ಏರ್‌ಪೋರ್ಟ್ ರಸ್ತೆ ಹಿಡಿದ ಬಸ್ಸಿನಲ್ಲಿ ಹುಡುಗಿಯರಿಗೆಲ್ಲ ಶಕ್ತಿ ಯೋಜನೆಯ ಶೂನ್ಯ ಟಿಕೆಟ್, ಹುಡುಗರು ಕಾಸು ಕೊಟ್ಟು ಮುಖ ಸಣ್ಣ ಮಾಡಿಕೊಂಡರು. ಟ್ರಿನಿಟಿ ದಾಟಿ ಮೇಯೋಹಾಲ್ ಹತ್ತಿರ ಸಿಗ್ನಲ್ ಬಿತ್ತು. ಮೇಡಂ ಕಿಟಕಿಯಿಂದ ತೋರಿಸಿ, ಇದು ಒಂದು ಕಾಲಕ್ಕೆ ನಮ್ಮ ಕಡೆಯವರ ಟೌನ್‌ಹಾಲ್ ಇದ್ದ ಹಾಗೆ ಎಂದರು. ವೈಸ್‌ರಾಯ್ ಲಾರ್ಡ್ ಮೇಯೋ 1872ರಲ್ಲಿ ಅಂಡಮಾನಿನಲ್ಲಿ ಕೈದಿಯೊಬ್ಬನ ಕೈಯಲ್ಲಿ ಕೊಲೆಯಾದ. ಅವನ ನೆನಪಿಗೆ ಕಟ್ಟಿದ ಕಟ್ಟಡ ಇದು, 1883ರಲ್ಲಿ ತೆರೆದದ್ದು. ಈಗ ಅಲ್ಲಿ ನ್ಯಾಯಾಲಯಗಳಿವೆ, ಮಹಡಿಯಲ್ಲಿ ಕೆಂಪೇಗೌಡ ವಸ್ತುಸಂಗ್ರಹಾಲಯ ಇದೆ. ವೈಸ್‌ರಾಯ್ ಹೆಸರಿನ ಕಟ್ಟಡದ ಮಹಡಿಯಲ್ಲಿ ಕೆಂಪೇಗೌಡರು! ಈ ಊರಿನ ಇತಿಹಾಸ ಒಮ್ಮೊಮ್ಮೆ ಬಾಡಿಗೆ ಮನೆಯ ಹಾಗೆ, ಒಬ್ಬರು ಖಾಲಿ ಮಾಡಿದ ಕೋಣೆಗೆ ಇನ್ನೊಬ್ಬರು ಬಂದು ಕೂರುತ್ತಾರೆ.

ಕಾರ್ಪೊರೇಷನ್ ಸ್ಟಾಪಿನಲ್ಲಿ ಇಳಿದೆವು. ಒಂದು ಕಡೆ ಪಾಲಿಕೆಯ ಕಟ್ಟಡ, ಅದರ ಮುಂದೆ ಕೆಂಪೇಗೌಡರ ಪ್ರತಿಮೆ, ಎದುರಿಗೆ ಹಡ್ಸನ್ ಚರ್ಚು. ನಡುವೆ ಎಲ್ಲಿಂದ ಬರುತ್ತವೆ, ಎಲ್ಲಿಗೆ ಹೋಗುತ್ತವೆ ಗೊತ್ತಾಗದಷ್ಟು ವಾಹನಗಳು. ಈ ಜಾಗಕ್ಕೆ ಎನ್.ಆರ್. ಚೌಕ ಎಂದು ಹೆಸರು. ಎನ್.ಆರ್. ಎಂದರೆ ನರಸಿಂಹರಾಜ. ಟೌನ್‌ಹಾಲ್ ಮುಂದಿನಿಂದ ಹೊರಡುವ ಜೆ.ಸಿ. ರಸ್ತೆ ಎಂದರೆ ಜಯಚಾಮರಾಜೇಂದ್ರ ರಸ್ತೆ. ನಮ್ಮ ಚಾಚಾ ಆಟೋ ಓಡಿಸುವವರು, ಅವರಿಗೆ ಜೆ.ಸಿ. ರಸ್ತೆ ಎಂದರೆ ಸ್ಪೇರ್ ಪಾರ್ಟ್ಸ್ ಮಾತ್ರ. ನನಗೂ ಅಂದಿನವರೆಗೆ ಹಾಗೆಯೇ ಇತ್ತು.

ಚೌಕ ಎಂಬ ಮಾತು ಕೇಳಿ ನಾನು ಚಿತ್ರದಲ್ಲಿ ನೋಡಿದ ಬ್ರಸೆಲ್ಸ್‌ನ ಚೌಕ ನೆನೆಸಿಕೊಂಡಿದ್ದೆ. ಕಲ್ಲು ಹಾಸಿದ ಬಯಲು, ನಾಲ್ಕೂ ಕಡೆ ಹಳೆಯ ಕಟ್ಟಡಗಳು, ಒಂದು ಬದಿಗೆ ಪುರಭವನ, ನಡುವೆ ಅಡ್ಡಾಡುವ ಜನ. ನಮ್ಮ ಚೌಕದಲ್ಲಿ ಅಡ್ಡಾಡುವುದಿರಲಿ, ದಾಟುವುದಕ್ಕೇ ಹದಿನೇಳು ಜನಕ್ಕೆ ಮೂರು ಸಿಗ್ನಲ್ ಬೇಕಾಯಿತು. ಮಾರ್ಕೆಟ್ ಕಡೆಗೆ ಹೋಗುವ ಮೇಲ್ಸೇತುವೆಯೂ ಟೌನ್‌ಹಾಲ್ ಬದಿಯಿಂದಲೇ ಎದ್ದು ಹೋಗುತ್ತದೆ. ಚೌಕ ಎನ್ನುವುದು ಈಗ ಬೋರ್ಡಿನಲ್ಲಿದೆ, ನೆಲದ ಮೇಲೆ ಇಲ್ಲ.

ಆದರೆ ಈ ನೆಲ ಸಾಮಾನ್ಯದ್ದಲ್ಲ. ಪಕ್ಕದ ಪೊಲೀಸ್ ಠಾಣೆಯ ಹೆಸರು ಹಲಸೂರು ಗೇಟ್. ಹಲಸೂರು ನಮ್ಮ ಕಡೆ ಇದೆಯಲ್ಲ, ಇಲ್ಲಿ ಎಲ್ಲಿಂದ ಬಂತು ಎಂದು ನನ್ನ ಗೆಳತಿ ಕೇಳಿದಳು. ಪೇಟೆಗೆ ಸುತ್ತ ಕೋಟೆ ಇದ್ದ ಕಾಲದಲ್ಲಿ ಹಲಸೂರಿಗೆ ಹೋಗುವ ದಾರಿ ಹೊರಡುತ್ತಿದ್ದ ಬಾಗಿಲು ಇದು. 1791ರ ಮಾರ್ಚ್‌ನಲ್ಲಿ ಕಾರ್ನ್‌ವಾಲಿಸನ ಸೈನ್ಯ ಟಿಪ್ಪು ಸುಲ್ತಾನರ ಬೆಂಗಳೂರಿನ ಮೇಲೆ ಬಿದ್ದಾಗ ಪೇಟೆಗೆ ನುಗ್ಗಿದ್ದು ಈ ಬಾಗಿಲನ್ನು ಒಡೆದೇ. ಆ ಯುದ್ಧಗಳಲ್ಲಿ ಸತ್ತ ಇಂಗ್ಲಿಷ್ ಅಧಿಕಾರಿಗಳ ಸ್ಮಾರಕ ಸ್ತಂಭವೊಂದು ಇದೇ ವೃತ್ತದಲ್ಲಿ ಬಹಳ ಕಾಲ ನಿಂತಿತ್ತು, 1964ರಲ್ಲಿ ಅದನ್ನು ಕೆಡವಿದರು. ಊರು ಕಾಯಲು ಸತ್ತವರಿಗೆ ಅಲ್ಲಿ ಯಾವ ಕಲ್ಲೂ ಇಲ್ಲ. ಶ್ರೀರಂಗಪಟ್ಟಣಕ್ಕೆ ಹೋಗಿ ಟಿಪ್ಪು ಬಿದ್ದ ಜಾಗದಲ್ಲಿ ಫೋಟೋ ತೆಗೆಸಿಕೊಳ್ಳುತ್ತೇವೆ. ಅದೇ ಕಥೆಯ ಹಿಂದಿನ ಅಧ್ಯಾಯ ನಡೆದ ಜಾಗದಲ್ಲಿ ದಿನಾ ಬಸ್ಸಿನಲ್ಲಿ ನಿದ್ದೆ ಮಾಡುತ್ತಾ ಹಾದು ಹೋಗುತ್ತೇವೆ.

ಟೌನ್‌ಹಾಲ್ ಹತ್ತಿರ ಹೋಗಿ ನಿಂತಾಗ ಮೊದಲು ಅನ್ನಿಸಿದ್ದು, ಇದು ನಾನು ಅಂದುಕೊಂಡದ್ದಕ್ಕಿಂತ ಎತ್ತರ ಎಂದು. ಬಸ್ಸಿನಿಂದ ನೋಡುವಾಗ ನಾವು ಮೆಟ್ಟಿಲ ಎತ್ತರದಲ್ಲೇ ಇರುತ್ತೇವೆ. ಕೆಳಗೆ ನಿಂತರೆ ಮೆಟ್ಟಿಲುಗಳು, ಅದರ ಮೇಲೆ ದಪ್ಪ ದುಂಡು ಕಂಬಗಳು, ಕಂಬಗಳ ತಲೆಯ ಮೇಲೆ ತ್ರಿಕೋನದ ಮುಖ. ಗ್ರೀಕ್, ರೋಮನ್ ಕಟ್ಟಡಗಳ ರೀತಿ. ನಾಲ್ವಡಿ ಕೃಷ್ಣರಾಜ ಒಡೆಯರು 1933ರ ಮಾರ್ಚ್‌ನಲ್ಲಿ ಅಡಿಗಲ್ಲು ಹಾಕಿದರು. 1935ರ ಸೆಪ್ಟೆಂಬರ್‌ನಲ್ಲಿ ಯುವರಾಜ ಕಂಠೀರವ ನರಸಿಂಹರಾಜ ಒಡೆಯರು ಉದ್ಘಾಟಿಸಿದರು. ಅಂದರೆ 2025ರಲ್ಲಿ ಅದಕ್ಕೆ 90 ತುಂಬಿತು. ಪೂರ್ತಿ ಹೆಸರು ಸರ್ ಕೆ.ಪಿ. ಪುಟ್ಟಣ್ಣಚೆಟ್ಟಿ ಪುರಭವನ. ಪುಟ್ಟಣ್ಣಚೆಟ್ಟರು ಬೆಂಗಳೂರು ನಗರ ಪುರಸಭೆಯ ಅಧ್ಯಕ್ಷರಾಗಿದ್ದವರು, ದಾನಿಗಳು. ಮೈಸೂರಿನ ಟೌನ್‌ಹಾಲ್‌ಗೆ ಪ್ರಜಾಪ್ರತಿನಿಧಿ ಸಭೆ ಆರಂಭಿಸಿದ ದಿವಾನ್ ರಂಗಾಚಾರ್ಲು ಅವರ ಹೆಸರಿದೆ. ಮಂಗಳೂರಿನದಕ್ಕೆ ದಲಿತರ ಮಕ್ಕಳಿಗೆ ಶಾಲೆ ತೆರೆದ ಕುದ್ಮುಲ್ ರಂಗರಾಯರ ಹೆಸರು. ಅರಮನೆಗಳಿಗೆ ರಾಜರ ಹೆಸರಿರುತ್ತದೆ. ಪುರಭವನಗಳಿಗೆ ಊರಿಗಾಗಿ ಕೆಲಸ ಮಾಡಿದವರ ಹೆಸರು ಬಂದಿರುವುದು ನನಗೆ ಇಷ್ಟವಾಯಿತು.

ಬಾಗಿಲು ತೆರೆದಿತ್ತು. ಸಂಜೆ ಯಾವುದೋ ಕಾರ್ಯಕ್ರಮ, ಕೆಲಸದವರು ವೇದಿಕೆ ಸಿದ್ಧ ಮಾಡುತ್ತಿದ್ದರು. ನಾವು ಮುಂಚಿತವಾಗಿ ಯಾರಿಗೂ ಪತ್ರ ಬರೆದಿರಲಿಲ್ಲ, ಅದು ನಮ್ಮದೇ ತಪ್ಪು. ನಾನು ಬಾಗಿಲಲ್ಲೇ ಹಿಂಜರಿದು ನಿಂತೆ. ಮೇಡಂ ಹೋಗಿ ಕೇಳಿದರು. ‘ಸ್ಟೂಡೆಂಟ್ಸಾ? ನೋಡ್ಕೊಂಡು ಬನ್ನಿ, ಗಲಾಟೆ ಮಾಡ್ಬೇಡಿ’ ಎಂದರು ಕಾವಲಿನ ಅಣ್ಣ. ಒಳಗೆ ಸಾವಿರ ಜನ ಕೂರುವಷ್ಟು ಜಾಗ, ಮೇಲೆ ಬಾಲ್ಕನಿ. ಮೈಕ್ ಕಟ್ಟುತ್ತಿದ್ದ ಹುಡುಗ ನಮ್ಮನ್ನು ನೋಡಿ ನಕ್ಕು, ಯಾರಾದರೂ ಮಾತಾಡಿ, ನನಗೂ ಟೆಸ್ಟ್ ಮಾಡಬೇಕು ಎಂದ. ಒಬ್ಬರೂ ಮುಂದೆ ಹೋಗಲಿಲ್ಲ. ಕೊನೆಗೆ ತರಗತಿಯಲ್ಲಿ ಹಾಜರಿ ಹೇಳುವುದಕ್ಕೂ ನಾಚುವ ನಮ್ಮ ಗೆಳತಿಯೊಬ್ಬಳು ಹೋಗಿ ಮೈಕ್ ಹಿಡಿದು ತನ್ನ ಹೆಸರು ಹೇಳಿ, ‘ಹೊಸ ತಿಪ್ಪಸಂದ್ರ’ ಎಂದಳು. ಅಷ್ಟೇ. ಆ ಎರಡು ಪದ ಬಾಲ್ಕನಿಯವರೆಗೆ ಹೋಗಿ ತಿರುಗಿ ಬಂತು. ನಾವೆಲ್ಲ ಚಪ್ಪಾಳೆ ತಟ್ಟಿದೆವು, ಗಲಾಟೆ ಮಾಡಬೇಡಿ ಎಂದಿದ್ದ ಅಣ್ಣನೂ ತಟ್ಟಿದರು.

ಆಮೇಲೆ ಮೆಟ್ಟಿಲ ಮೇಲೆ ಕೂತು ಅರ್ಧ ಗಂಟೆ ಮಾತಾಡಿದೆವು. ಈ ಲೇಖನ ಬರೆಯುವುದಕ್ಕೆ ಕಾರಣ ಆ ಅರ್ಧ ಗಂಟೆ.

ಒಬ್ಬ ಸಹಪಾಠಿ ಕೇಳಿದ: ಇದು ನಮ್ಮದಾ? ಅವನು ಕೇಳಿದ್ದಕ್ಕೆ ಅರ್ಥ ಇದೆ. 1935ರಲ್ಲಿ ಈ ಬಾಗಿಲು ತೆರೆದಾಗ ನಿಜಕ್ಕೂ ಇದು ನಮ್ಮ ಕಡೆಯವರದ್ದಾಗಿರಲಿಲ್ಲ. 1809ರ ಹೊತ್ತಿಗೆ ಇಂಗ್ಲಿಷರ ಸೈನ್ಯ ಹಲಸೂರಿನ ಕಡೆ ಬಂದು ನೆಲೆಸಿತು. 1862ರಲ್ಲಿ ಒಂದೇ ಊರಿಗೆ ಎರಡು ಪುರಸಭೆಗಳಾದವು, ಸಿಟಿಗೆ ಒಂದು, ಕಂಟೋನ್ಮೆಂಟಿಗೆ ಒಂದು. 1881ರಲ್ಲಿ ಮೈಸೂರು ರಾಜ್ಯ ಮತ್ತೆ ಒಡೆಯರ ಕೈಗೆ ಬಂದಾಗಲೂ ಕಂಟೋನ್ಮೆಂಟ್ ಬ್ರಿಟಿಷ್ ರೆಸಿಡೆಂಟರ ಕೈಯಲ್ಲೇ ಉಳಿಯಿತು. ಕಬ್ಬನ್ ಪಾರ್ಕಿನ ಆಚೆ ಮಹಾರಾಜರು, ಈಚೆ ರೆಸಿಡೆಂಟರು. ಎರಡೂ ಸೇರಿ ಒಂದೇ ಕಾರ್ಪೊರೇಷನ್ ಆದದ್ದು ಸ್ವಾತಂತ್ರ್ಯ ಬಂದ ಮೇಲೆ, 1949ರಲ್ಲಿ. ಸಿಟಿ ಮಾರ್ಕೆಟ್, ಸಿಟಿ ಸ್ಟೇಷನ್, ಕಂಟೋನ್ಮೆಂಟ್ ಸ್ಟೇಷನ್ ಎನ್ನುವ ಹೆಸರುಗಳಲ್ಲಿ ಹಳೆಯ ಗಡಿ ಇನ್ನೂ ಇದೆ. ದಾದಿಯ ಬಾಯಲ್ಲೂ ಇದೆ. ಇನ್ನು ನಮ್ಮ ತಿಪ್ಪಸಂದ್ರ ಆಗ ಊರಾಚೆಯ ಹಳ್ಳಿ.

ಅದಕ್ಕೆ ಇನ್ನೊಬ್ಬ ಹೇಳಿದ: ಯಾಕೆ ನಮ್ಮದಲ್ಲ? ಕಟ್ಟಿಸಿದಾಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್! ಇದೂ ನಿಜ. ಮಿರ್ಜಾ ಸಾಹೇಬರು 1926ರಿಂದ 1941ರವರೆಗೆ ಮೈಸೂರಿನ ದಿವಾನರು. ಅವರ ಅಜ್ಜ ಅಲಿ ಅಸ್ಕರ್ ಪರ್ಶಿಯಾದ ಶಿರಾಜ್‌ನಿಂದ ಕುದುರೆ ವ್ಯಾಪಾರಕ್ಕೆ ಬಂದು ಬೆಂಗಳೂರಿನಲ್ಲಿ ನೆಲೆಸಿದವರು. ಅಲಿ ಅಸ್ಕರ್ ರಸ್ತೆ ಅವರದೇ ಹೆಸರು. ಮಿರ್ಜಾ ಅವರು ನಾಲ್ವಡಿಯವರ ಜೊತೆಗೇ ಓದಿದವರು. ನಮ್ಮ ಏರಿಯಾದ ಪಕ್ಕದ ಎಚ್‌ಎಎಲ್ 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಮತ್ತು ಮೈಸೂರು ಸರ್ಕಾರ ಸೇರಿ ಆರಂಭಿಸಿದಾಗಲೂ ಅವರೇ ದಿವಾನರು. ನಮ್ಮ ತರಗತಿಯಲ್ಲಿ ಎಷ್ಟೋ ಜನರ ಮನೆಯ ಅನ್ನ ಆ ಕಾರ್ಖಾನೆಯ ಸುತ್ತಲಿನ ಅಂಗಡಿ, ವರ್ಕ್‌ಶಾಪ್‌ಗಳಿಂದ ಬರುತ್ತದೆ.

ಆದರೂ ಆ ಮಾತನ್ನು ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ದಿವಾನರು ಮುಸ್ಲಿಮರಾಗಿದ್ದರು, ಆದ್ದರಿಂದ ಟೌನ್‌ಹಾಲ್ ನಮ್ಮದು ಎಂದರೆ, ದಿವಾನರು ಬೇರೆಯವರಾಗಿದ್ದರೆ ನಮ್ಮದಲ್ಲ ಎಂದ ಹಾಗಾಯಿತು. ಪ್ರತಿ ಸಲವೂ ನಾವು ಈ ಊರಿನವರು ಎಂದು ಹೇಳಲು ಒಬ್ಬ ದೊಡ್ಡ ಮನುಷ್ಯರ ಹೆಸರನ್ನು ಗುರುತಿನ ಚೀಟಿಯ ಹಾಗೆ ತೋರಿಸುವುದು ನನಗೆ ಬೇಸರ. ಕ್ವಿಜ್‌ನಲ್ಲಿ ಮಿರ್ಜಾ ಹೆಸರು ಹೇಳಿ ಅಂಕ ತೆಗೆದುಕೊಳ್ಳೋಣ, ಅದು ಬೇರೆ. ಅವರನ್ನು ಗೌರವಿಸಬೇಕಾದದ್ದು ಅವರು ಒಳ್ಳೆಯ ಆಡಳಿತಗಾರರಾಗಿದ್ದಕ್ಕೆ. ಊರಿನ ಸ್ವಚ್ಛತೆ, ಉದ್ಯಾನ, ದೀಪ ಎಂದು ತಲೆಕೆಡಿಸಿಕೊಂಡವರು ಅವರು. ಅದೇ ಕಾರಣಕ್ಕೆ ಪುಟ್ಟಣ್ಣಚೆಟ್ಟರನ್ನೂ ಗೌರವಿಸಬೇಕು. ಕಟ್ಟಡ ನಮ್ಮದಾಗುವುದು ಕಟ್ಟಿಸಿದವರಿಂದಲ್ಲ, ನಾವು ಅದರೊಳಗೆ ಹೋಗಿ ಬರುವುದರಿಂದ. ಮೈಕ್ ಹಿಡಿದ ನಮ್ಮ ಗೆಳತಿಗೆ ಆ ದಿನ ಅದು ಅವಳದಾಯಿತು. ನನಗೆ ಇನ್ನೂ ಪೂರ್ತಿ ಆಗಿಲ್ಲ. ನಾನು ಬಾಗಿಲಲ್ಲಿ ಹಿಂಜರಿದವಳು.

ಮೆಟ್ಟಿಲ ಮೇಲೆ ಕೂತಿದ್ದೆವು ಎಂದೆನಲ್ಲ, ಆ ಮೆಟ್ಟಿಲುಗಳ ಬಗ್ಗೆಯೂ ಹೇಳಬೇಕು. ಬಹಳ ವರ್ಷ ಬೆಂಗಳೂರಿನವರಿಗೆ ಏನಾದರೂ ಹೇಳಬೇಕಾದರೆ ಇಲ್ಲಿಗೇ ಬಂದು ನಿಲ್ಲುತ್ತಿದ್ದರು. ಕಾವೇರಿ ಗಲಾಟೆಯಾಗಲಿ, ಬೆಲೆ ಏರಿಕೆಯಾಗಲಿ, ಕನ್ನಡದ ಹೋರಾಟವಾಗಲಿ, ಪೌರಕಾರ್ಮಿಕರಾಗಲಿ, ವಿದ್ಯಾರ್ಥಿಗಳಾಗಲಿ. 2017ರ ಜೂನ್‌ನಲ್ಲಿ ಗುಂಪು ಹತ್ಯೆಗಳ ವಿರುದ್ಧ ‘ನಾಟ್ ಇನ್ ಮೈ ನೇಮ್’ ಎಂದು ದೇಶದ ಹಲವು ಊರುಗಳಲ್ಲಿ ಜನ ಸೇರಿದಾಗ ಬೆಂಗಳೂರಿನವರು ಸೇರಿದ್ದು ಇಲ್ಲಿ. 2019ರ ಡಿಸೆಂಬರ್ 19ರಂದು ನಿಷೇಧಾಜ್ಞೆ ಇದ್ದಾಗ ಇತಿಹಾಸಕಾರ ರಾಮಚಂದ್ರ ಗುಹಾ ಅವರನ್ನು ಪೊಲೀಸರು ವಶಕ್ಕೆ ಪಡೆದದ್ದೂ ಟೌನ್‌ಹಾಲ್ ಮುಂದೆಯೇ. ಆ ನಿಷೇಧಾಜ್ಞೆ ಕಾನೂನುಬದ್ಧವಾಗಿರಲಿಲ್ಲ ಎಂದು ಹೈಕೋರ್ಟ್ 2020ರ ಫೆಬ್ರವರಿಯಲ್ಲಿ ಹೇಳಿತು. ನಾನಾಗ ಆರನೇ ಕ್ಲಾಸು. ಟಿವಿಯಲ್ಲಿ ಈ ಕಂಬಗಳನ್ನು ನೋಡಿದ್ದು ನೆನಪಿದೆ, ಅದರ ಕೆಳಗೆ ಯಾರಿದ್ದರು, ಏನು ಹೇಳುತ್ತಿದ್ದರು ಎಂದು ಕೇಳುವ ವಯಸ್ಸಾಗಿರಲಿಲ್ಲ.

ಈಗ ಅಲ್ಲಿ ಪ್ರತಿಭಟನೆ ಇಲ್ಲ. 2021ರ ಆದೇಶದ ಪ್ರಕಾರ ಬೆಂಗಳೂರಿನಲ್ಲಿ ಧರಣಿ, ಪ್ರತಿಭಟನೆ ಏನಿದ್ದರೂ ಫ್ರೀಡಂ ಪಾರ್ಕಿನಲ್ಲಿ ಮಾತ್ರ. ಹಳೆಯ ಸೆಂಟ್ರಲ್ ಜೈಲು ಇದ್ದ ಜಾಗ ಅದು. ಮನೆಯಲ್ಲಿ ಈ ವಿಷಯ ಎತ್ತಿದಾಗ ಚಾಚಾ ಅವರಿಗೆ ಸಂತೋಷವೇ. ‘ನಿನಗೇನು ಗೊತ್ತು, ಟೌನ್‌ಹಾಲ್ ಮುಂದೆ ಜನ ಕೂತರೆ ನನ್ನ ಅರ್ಧ ದಿನದ ಬಾಡಿಗೆ ಹೋಯ್ತು. ಹಿಂದೆ ಆಂಬುಲೆನ್ಸ್ ನಿಂತು ಕಿರಿಚ್ತಾ ಇರುತ್ತೆ, ದಾರಿ ಬಿಡೋಕೆ ಜಾಗ ಇರಲ್ಲ’ ಎಂದರು. ಮಾರ್ಕೆಟ್ ಪಕ್ಕದಲ್ಲೇ ವಿಕ್ಟೋರಿಯಾ ಆಸ್ಪತ್ರೆ ಇದೆ, ಆದ್ದರಿಂದ ಚಾಚಾ ಮಾತನ್ನು ತಳ್ಳಿಹಾಕುವ ಹಾಗಿಲ್ಲ. ನಾನು ಎರಡು ದಿನ ಯೋಚಿಸಿದೆ. ರಸ್ತೆ ತಡೆಯುವುದು ಬೇರೆ, ಮೆಟ್ಟಿಲ ಮೇಲೆ ನಿಲ್ಲುವುದು ಬೇರೆ. ಐವತ್ತು ಜನ ಭಾನುವಾರ ಬೆಳಗ್ಗೆ ಒಂದು ಗಂಟೆ ಫಲಕ ಹಿಡಿದು ಮೆಟ್ಟಿಲ ಮೇಲೆ ನಿಂತರೆ ಯಾವ ಆಂಬುಲೆನ್ಸೂ ನಿಲ್ಲುವುದಿಲ್ಲ. ಗಂಟೆ, ಸಂಖ್ಯೆ, ಜಾಗ ಗೊತ್ತು ಮಾಡಿ ಅನುಮತಿ ಕೊಡಬಹುದು. ನಾಲ್ಕು ಗೋಡೆಯ ಪಾರ್ಕಿನೊಳಗೆ ಹೇಳಿದ ಮಾತು ಅಲ್ಲಿಗೆ ಬಂದ ಪೊಲೀಸರಿಗೂ ಕ್ಯಾಮೆರಾದವರಿಗೂ ಮಾತ್ರ ಕೇಳುತ್ತದೆ. ದಾರಿಯಲ್ಲಿ ಹೋಗುವವರಿಗೆ ಕೇಳುವುದಿಲ್ಲ. ಹಳ್ಳಿಯಲ್ಲಿ ಅರಳಿಕಟ್ಟೆ ಊರ ನಡುವೆ ಇರುವುದು ಇದೇ ಕಾರಣಕ್ಕಲ್ಲವೇ? ಇದು ನನ್ನ ಅಭಿಪ್ರಾಯ. ಚಾಚಾ ಇನ್ನೂ ಒಪ್ಪಿಲ್ಲ, ನೀವೂ ಒಪ್ಪದಿದ್ದರೆ ಮುಂದಿನ ಸಂಚಿಕೆಗೆ ಬರೆಯಿರಿ.

ಇನ್ನು ಕಾರ್ಪೊರೇಷನ್ ಕಡೆ ಬರೋಣ. ಮೆಟ್ಟಿಲಿನಿಂದ ಎದ್ದು ಮತ್ತೆ ಪಾಲಿಕೆ ಕಟ್ಟಡದ ಹತ್ತಿರ ಬಂದಾಗ ಮೇಡಂ ಒಂದು ಪ್ರಶ್ನೆ ಕೇಳಿದರು. ‘ನಿಮ್ಮ ವಾರ್ಡಿನ ಕಾರ್ಪೊರೇಟರ್ ಯಾರು?’ ಯಾರಿಗೂ ಉತ್ತರ ಗೊತ್ತಿರಲಿಲ್ಲ. ನಮ್ಮ ಜನರಲ್ ನಾಲೆಡ್ಜ್ ಅಷ್ಟು ಕೆಟ್ಟಿದೆಯಾ ಎಂದು ನಾಚಿಕೆಯಾಯಿತು. ಆಮೇಲೆ ಅವರೇ ಹೇಳಿದರು, ಉತ್ತರವೇ ಇಲ್ಲ.

ಇದು ಹೇಗಾಯಿತೆಂದು ಕೇಳಿ. ಪಾಲಿಕೆಗೆ ಕೊನೆಯ ಚುನಾವಣೆ ನಡೆದದ್ದು 2015ರ ಆಗಸ್ಟ್‌ನಲ್ಲಿ, 198 ವಾರ್ಡುಗಳಿಗೆ. ಹೊಸ ತಿಪ್ಪಸಂದ್ರವೂ ಅದರಲ್ಲಿ ಒಂದು ವಾರ್ಡು. ಆ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ಗೆ ಮುಗಿಯಿತು. 2025ರ ಡಿಸೆಂಬರ್‌ವರೆಗೆ ಮತ್ತೆ ಚುನಾವಣೆ ನಡೆದಿರಲಿಲ್ಲ. ವಾರ್ಡು ಎಷ್ಟಿರಬೇಕು, ಮೀಸಲಾತಿ ಹೇಗಿರಬೇಕು ಎಂದು ಕೋರ್ಟಿನಲ್ಲೇ ವರ್ಷಗಳು ಕಳೆದವು. ಈಗ ಬಿಬಿಎಂಪಿಯೇ ಇಲ್ಲ. 2025ರ ಸೆಪ್ಟೆಂಬರ್‌ನಿಂದ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ನಗರಪಾಲಿಕೆಗಳು. 1862ರಲ್ಲಿ ಎರಡು, 1949ರಲ್ಲಿ ಒಂದು, ಈಗ ಐದು. ನಾವು ಸಿ.ವಿ. ರಾಮನ್ ನಗರ ಕ್ಷೇತ್ರದವರು, ಬೆಂಗಳೂರು ಕೇಂದ್ರ ಪಾಲಿಕೆಗೆ ಸೇರಿದ್ದೇವೆ. ಅಂದರೆ ಶಿವಾಜಿನಗರ, ಚಿಕ್ಕಪೇಟೆ, ಚಾಮರಾಜಪೇಟೆ, ಗಾಂಧಿನಗರ ಎಲ್ಲ ನಮ್ಮ ಜೊತೆಗೆ. ಇಷ್ಟು ವರ್ಷದ ಮೇಲೆ ದಾದಿಯ ಕಂಟೋನ್ಮೆಂಟೂ ಸಿಟಿಯ ಹಳೆಯ ಪೇಟೆಯೂ ಒಂದೇ ಪಾಲಿಕೆಯಲ್ಲಿ ಉಳಿದಿವೆ, ಪೂರ್ವ ಎಂದು ಹೆಸರಿರುವ ಪಾಲಿಕೆ ಕೆ.ಆರ್. ಪುರದ ಕಡೆ ಹೋಗಿದೆ.

ನಾವು ಪರೀಕ್ಷೆಗೆ ಬಾಯಿಪಾಠ ಮಾಡುವ 74ನೇ ತಿದ್ದುಪಡಿ ಏನು ಹೇಳುತ್ತದೆ? 1993ರ ಜೂನ್‌ನಿಂದ ಜಾರಿಯಲ್ಲಿರುವ ಆ ತಿದ್ದುಪಡಿಯ 243ಯು ವಿಧಿ: ಪುರಸಭೆಯ ಅವಧಿ ಐದು ವರ್ಷ, ಅದು ಮುಗಿಯುವ ಮೊದಲೇ ಮುಂದಿನ ಚುನಾವಣೆ ಮುಗಿದಿರಬೇಕು. ಐದು ಅಂಕದ ಪ್ರಶ್ನೆಗೆ ನಾನು ಇದನ್ನೇ ಬರೆದು ನಾಲ್ಕೂವರೆ ತೆಗೆದುಕೊಂಡಿದ್ದೇನೆ. ಬರೆಯುವಾಗ ನಮ್ಮದೇ ಊರಿನ ವಿಷಯ ಎಂದು ಹೊಳೆದಿರಲಿಲ್ಲ.

ಅಬ್ಬಾ ಅವರದು ಚಿಕ್ಕ ಅಂಗಡಿ. ಮಳೆಗಾಲದಲ್ಲಿ ಅಂಗಡಿ ಮುಂದಿನ ಮೋರಿ ಉಕ್ಕಿ ಒಳಗೆ ನೀರು ಬರುತ್ತದೆ. ಎರಡು ಮಳೆಗಾಲ ಆಯಿತು, ಕೆಳಗಿನ ಶೆಲ್ಫಿನ ಸಾಮಾನು ಎತ್ತಿಡುವುದು ನನ್ನ ಮತ್ತು ನನ್ನ ತಮ್ಮನ ಕೆಲಸ. ಯಾರಿಗೆ ಹೇಳಬೇಕು ಎಂದು ಕೇಳಿದರೆ ಅಬ್ಬಾ ನಗುತ್ತಾರೆ. ‘ಮೊದಲು ಬೈಯುವುದಕ್ಕಾದರೂ ಒಬ್ಬರು ಇರ್ತಿದ್ರು, ಅವರ ಮನೆ ಎಲ್ಲಿದೆ ಅಂತ ಗೊತ್ತಿರ್ತಿತ್ತು’ ಎನ್ನುತ್ತಾರೆ. ವಾರ್ಡಿನ ಸದಸ್ಯರೆಲ್ಲ ಒಳ್ಳೆಯವರಿದ್ದರು, ಇದ್ದಾಗ ಮೋರಿ ಉಕ್ಕುತ್ತಿರಲಿಲ್ಲ ಎಂದು ನಾನು ಹೇಳುತ್ತಿಲ್ಲ. ಆಗಲೂ ಉಕ್ಕುತ್ತಿತ್ತಂತೆ. ಆದರೆ ಐದು ವರ್ಷಕ್ಕೊಮ್ಮೆ ಅವರೂ ನಮ್ಮ ಅಂಗಡಿಯ ಮುಂದೆ ಬಂದು ಕೈಮುಗಿದು ನಿಲ್ಲಬೇಕಿತ್ತು, ಆ ನೀರನ್ನೇ ದಾಟಿಕೊಂಡು. ಅದು ಸಣ್ಣ ವಿಷಯವಲ್ಲ. ನಮ್ಮ ರಾಜ್ಯದಲ್ಲಿ ಪಾಲಿಕೆಯ ಅರ್ಧ ಸ್ಥಾನಗಳು ಮಹಿಳೆಯರಿಗೆ ಮೀಸಲು. ಅಂದರೆ ಪಾಲಿಕೆ ಸಭೆ ಖಾಲಿ ಇದ್ದ ಇಷ್ಟು ವರ್ಷಗಳಲ್ಲಿ ನಮ್ಮಂಥ ಏರಿಯಾಗಳ ಎಷ್ಟೋ ಹೆಂಗಸರು ಕೂರಬೇಕಿದ್ದ ಕುರ್ಚಿಗಳೂ ಖಾಲಿ.

ನನ್ನ ಮಾತು ಇಷ್ಟು. ಟ್ರಿಪ್ ಸಮಿತಿಯ ಸರ್, ಮೇಡಂಗಳು ದಯವಿಟ್ಟು ಕೇಳಿಸಿಕೊಳ್ಳಿ. ಪ್ರತಿ ವರ್ಷ ಪ್ರಥಮ ಪಿಯುಸಿಯ ಎಲ್ಲ ವಿಭಾಗದವರನ್ನೂ, ಸೈನ್ಸ್, ಕಾಮರ್ಸ್‌ನವರನ್ನೂ ಸೇರಿಸಿ, ಅರ್ಧ ದಿನ ಎನ್.ಆರ್. ಚೌಕಕ್ಕೆ ಕರೆದುಕೊಂಡು ಹೋಗಿ. ನಾವು ಮಾಡಿದ ತಪ್ಪು ಮಾಡಬೇಡಿ, ಮೊದಲೇ ಪತ್ರ ಬರೆದು ಅನುಮತಿ ಪಡೆಯಿರಿ. ಪುರಭವನದಲ್ಲಿ ಕಾರ್ಯಕ್ರಮ ಇಲ್ಲದ ದಿನ ನೋಡಿಕೊಳ್ಳಿ. ಪಕ್ಕದಲ್ಲೇ ರವೀಂದ್ರ ಕಲಾಕ್ಷೇತ್ರ ಇದೆ, ಟ್ಯಾಗೋರರ ಜನ್ಮಶತಾಬ್ದಿಗೆ ಕಟ್ಟಿಸಿದ್ದು. ಸಮಯ ಇದ್ದರೆ ಅಲ್ಲೊಂದು ನಾಟಕ ನೋಡಬಹುದು. ಬರುವಾಗ ಮೇಯೋಹಾಲ್‌ನಲ್ಲಿ ಇಳಿದು ಕೆಂಪೇಗೌಡ ವಸ್ತುಸಂಗ್ರಹಾಲಯ ನೋಡಿ. ಬೆಳಗ್ಗೆ ಒಂಬತ್ತಕ್ಕೆ ಹೊರಟರೆ ಜೊಹರ್ ಹೊತ್ತಿಗೆ ವಾಪಸ್. ನಾವು ಹಾಗೆಯೇ ಬಂದೆವು, ನಡುವೆ ಒಂದೊಂದು ಪ್ಲೇಟ್ ಮಸಾಲೆಪುರಿ ತಿಂದದ್ದನ್ನೂ ಸೇರಿಸಿ.

ಇನ್ನೊಂದು ವಿಷಯ ದ್ವಿತೀಯ ಪಿಯುಸಿಯವರಿಗೆ. ಮತದಾರರ ಪಟ್ಟಿಗೆ ಹೆಸರು ಸೇರಿಸುವ ಅರ್ಜಿ ಫಾರಂ 6. ಮೊದಲು ಜನವರಿ 1ಕ್ಕೆ 18 ತುಂಬಿದವರಿಗೆ ಮಾತ್ರ ಅವಕಾಶ ಇತ್ತು. ಈಗ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಹೀಗೆ ನಾಲ್ಕು ತಿಂಗಳ ಮೊದಲ ದಿನಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. 17 ತುಂಬಿದವರು ಮುಂಚಿತವಾಗಿಯೇ ಅರ್ಜಿ ಹಾಕಬಹುದು. ನನಗೆ ಮಾರ್ಚ್‌ನಲ್ಲಿ 18, ಪರೀಕ್ಷೆಯ ನಡುವೆ. ಆದ್ದರಿಂದ ಈಗಲೇ ತುಂಬಿಟ್ಟಿದ್ದೇನೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹೆಸರಿನ ಕಾಗುಣಿತ ಒಂದು ರೀತಿ, ಆಧಾರ್‌ನಲ್ಲಿ ಇನ್ನೊಂದು ರೀತಿ ಇದ್ದವರು ಮೊದಲು ಅದನ್ನು ಸರಿ ಮಾಡಿಸಿಕೊಳ್ಳಿ. ನಮ್ಮಲ್ಲಿ ಬೇಗಂ, ಬೇಗಮ್, ಬಾನು, ಭಾನು ಎಂದು ಹೀಗೆ ಎಡವಟ್ಟಾದವರು ನಮ್ಮ ತರಗತಿಯಲ್ಲೇ ನಾಲ್ಕು ಜನ ಸಿಕ್ಕಿದರು.

ಆ ಶನಿವಾರ ಮನೆಗೆ ಬಂದಾಗ ದಾದಿ ಬಾಗಿಲಲ್ಲೇ ಕೂತಿದ್ದರು. ‘ಸಿಟಿ ಹೇಗಿದೆ?’ ಎಂದು ಕೇಳಿದರು. ಫೋಟೋಗಳನ್ನು ಒಂದೊಂದಾಗಿ ತೋರಿಸಿದೆ. ಕಂಬಗಳನ್ನು ನೋಡಿದರು, ಬಾಲ್ಕನಿಯನ್ನು ನೋಡಿದರು, ಮೈಕ್ ಹಿಡಿದ ಗೆಳತಿಯನ್ನು ಯಾರ ಮಗಳು ಎಂದು ವಿಚಾರಿಸಿದರು. ಇಷ್ಟು ವರ್ಷ ಬೆಂಗಳೂರಿನಲ್ಲಿದ್ದೂ ಅದರ ಒಳಗೆ ಕಾಲಿಟ್ಟಿಲ್ಲವಂತೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: ‘ಮೆಟ್ಟಿಲು ಎಷ್ಟಿದೆ? ಹಿಡ್ಕೊಂಡು ಹತ್ತೋಕೆ ಕಂಬಿ ಏನಾದ್ರೂ ಇದೆಯಾ? ನನ್ನ ಮಂಡಿ ಗೊತ್ತಲ್ಲ.’

ಅರ್ಧ ಗಂಟೆ ಅದರ ಮೇಲೆಯೇ ಕೂತಿದ್ದೆ, ಎಣಿಸಿರಲಿಲ್ಲ. ಈ ಭಾನುವಾರ ಹೋಗಿ ಎಣಿಸಿಕೊಂಡು ಬರುತ್ತೇನೆ.